ವಿಜ್ಞಾನಕಥಾ ಟೆಲಿವಿಷನ್ ಸರಣಿಗಳ ವೀಡಿಯೋ ಆವೃತ್ತಿಗಳೂ ವಿಮರ್ಶಕನ ಹೊಣೆಯೂ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ವಿಜ್ಞಾನಕಥೆಗಳ ಟೆಲಿವಿಷನ್ ಸರಣಿಗಳನ್ನು ಕುರಿತು, ಅದರಲ್ಲಿಯೂ ಮನೆಯಲ್ಲಿ ನೋಡುವುದಕ್ಕೆಂದು ಮಾರಾಟವಾಗುವ ಅವುಗಳ ಕ್ಯಾಸೆಟ್ಟು ಡಿಸ್ಕುಗಳ ವಿಮರ್ಶೆಯನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದುದರಿಂದ ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸುವುದು ಯುಕ್ತ.

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ನನ್ನ ಮಾರ್ಗದರ್ಶನದಲ್ಲಿ ಒಂದು ಕಿರುಪ್ರಬಂಧವನ್ನು ಸಿದ್ಧಪಡಿಸಿದನು. ೧೯೬೦ರ ದಶಕದ ಅಮೆರಿಕದಲ್ಲಿ ಜನಸಾಮಾನ್ಯರು ಬಾಹ್ಯಾಕಾಶವನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದು ಅವನ ವಿಷಯ. 'ಸ್ಟಾರ್ ಟ್ರೆಕ್' ಸರಣಿಯ ಕಂತುಗಳು ಅವನ ಮುಖ್ಯ ಆಧಾರ. ೧೯೬೭ರ ಅಕ್ಟೋಬರ್ ೨೦ರಂದು ಪ್ರಸಾರವಾದ 'ದಿ ಡೂಮ್ಸ್‌ಡೇ ಮೆಷೀನ್' ಎಂಬ ಕಂತಿನಲ್ಲಿ ಗ್ರಹಗಳನ್ನೇ ನುಂಗುವ ಒಂದು ಯಂತ್ರವೂ ಅದರ ಹೊಡೆತಕ್ಕೆ ಸಿಕ್ಕಿ ಜರ್ಜರಿತವಾದ ಒಂದು ನೌಕೆಯೂ ಬರುತ್ತವೆ. ಆ ನೌಕೆಯ ಸೀಳಿದ ಮೈ, ಯಂತ್ರದ ಬಾಯೊಳಗಣ ಉರಿ, ಅದರ ಒರಟು ತೊಗಟೆಯ ಮೇಲೆ ಆಡುವ ಬೆಳಕು ಇವೆಲ್ಲವನ್ನೂ ಸೂಕ್ಷ್ಮವಾಗಿ ವರ್ಣಿಸಿ, ೧೯೬೭ರ ವೇಳೆಗೇ ಅಮೆರಿಕದ ಟೆಲಿವಿಷನ್ ಉದ್ಯಮವು ಎಂಥ ತಾಂತ್ರಿಕ ಪ್ರೌಢಿಮೆಯನ್ನು ಸಾಧಿಸಿತ್ತು, ಚಂದ್ರಯಾನದ ಯುಗದ ಸಂಪತ್ತು ಈ ದೃಶ್ಯಗಳಲ್ಲಿ ಹೇಗೆ ಪ್ರತಿಬಿಂಬಿತವಾಗಿದೆ ಎಂದು ಅವನು ಮೂರು ಪುಟ ಬರೆದಿದ್ದನು. ನಾನು ಓದಿದೆ, ಮೆಚ್ಚಿದೆ, ಸಹಿ ಹಾಕಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಆ ಪುಟಗಳನ್ನು ತೆರೆದಿಟ್ಟುಕೊಂಡು, "ಏನಪ್ಪಾ, ಈ ಸರಣಿಯನ್ನು ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದವರೇ ಹಾಕುತ್ತಿದ್ದರು. ನಾನು ತಪ್ಪದೆ ನೋಡಿದವನು. ಅದರಲ್ಲಿ ಬರುತ್ತಿದ್ದ ಹಡಗುಗಳು ಆಟದ ಸಾಮಾನಿನ ಹಾಗೆ ಕಾಣುತ್ತಿದ್ದುವು. ನೀನು ಬರೆದಿರುವ ಹಡಗು ಯಾವುದು?" ಎಂದು ಕೇಳಿದರು. ವಿದ್ಯಾರ್ಥಿ ನನ್ನ ಮುಖ ನೋಡಿದ. ನನ್ನಲ್ಲಿಯೂ ಉತ್ತರವಿರಲಿಲ್ಲ.

ಉತ್ತರ ಆಮೇಲೆ ದೊರೆಯಿತು. ಅವನು ನೋಡಿದ್ದುದು ೨೦೦೮ರಲ್ಲಿ ಹೊರಬಂದ ಡಿ.ವಿ.ಡಿ. ಆ ಸರಣಿಯ ಒಡೆಯರು ೨೦೦೬ರಿಂದ ಮೊದಲುಗೊಂಡು ಎಲ್ಲ ಕಂತುಗಳನ್ನೂ ಮೂಲ ನೆಗೆಟಿವ್‌ಗಳಿಂದ ಹೊಸದಾಗಿ ಪ್ರತಿಮಾಡಿದರಲ್ಲದೆ, ನೌಕೆ ಗ್ರಹಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರಚಿಸಿ ಹಳೆಯವುಗಳ ಸ್ಥಾನದಲ್ಲಿ ಇರಿಸಿದರು. ಪ್ರಕೃತ ಕಂತಿಗೆ ಈ ಸಂಸ್ಕಾರ ನಡೆದದ್ದು ೨೦೦೭ರಲ್ಲಿ. ೧೯೬೭ರ ಪ್ರೇಕ್ಷಕರು ಕಂಡ ಆ ಜರ್ಜರಿತ ನೌಕೆಯಾದರೋ, ಅಂಗಡಿಯಲ್ಲಿ ಮಕ್ಕಳಿಗಾಗಿ ಮಾರುತ್ತಿದ್ದ ಎ.ಎಂ.ಟಿ. ಕಂಪನಿಯ ಪ್ಲಾಸ್ಟಿಕ್ ಮಾದರಿ. ಅದನ್ನೇ ಜೋಡಿಸಿ ಹಾನಿಗೊಳಿಸಿ ಚಿತ್ರೀಕರಿಸಿದ್ದರು. ಗ್ರಹಭಕ್ಷಕ ಯಂತ್ರವು, ಕಥೆಯನ್ನು ಬರೆದ ನಾರ್ಮನ್ ಸ್ಪಿನ್ರಾಡ್ ಹೇಳಿರುವಂತೆ, ವಿಮಾನ ನಿಲ್ದಾಣಗಳಲ್ಲಿ ಗಾಳಿಯ ದಿಕ್ಕು ತೋರಿಸಲು ಕಟ್ಟುವ ಬಟ್ಟೆಯ ಚೀಲವನ್ನು ಸಿಮೆಂಟಿನಲ್ಲಿ ಅದ್ದಿದಂತಹುದು. ನನ್ನ ವಿದ್ಯಾರ್ಥಿ ಸಂಪತ್ತಿನ ಕುರುಹನ್ನು ಕಂಡ ಎಡೆಯಲ್ಲಿ ಇದ್ದುದು ಬಡತನ, ಮತ್ತು ಬಡತನದಲ್ಲಿಯೂ ಕೆಲಸ ಸಾಗಿಸುವ ಜಾಣ್ಮೆ. ಇತಿಹಾಸಕಾರನ ದೃಷ್ಟಿಯಿಂದ ಇವೆರಡಕ್ಕೂ ಇರುವ ಅಂತರ ಅಲ್ಪವಲ್ಲ.

ವಿದ್ಯಾರ್ಥಿಯನ್ನು ದೂರುವಂತಿಲ್ಲ. ಡಿಸ್ಕನ್ನು ಕೊಳ್ಳುವ ಮುನ್ನ ಅವನು ನಾಲ್ಕು ವಿಮರ್ಶೆಗಳನ್ನು ಓದಿದ್ದನಂತೆ. ಎಲ್ಲವೂ ಚಿತ್ರದ ಸ್ಫುಟತೆಗೆ ಐದರಲ್ಲಿ ಐದು ಅಂಕ ಕೊಟ್ಟಿದ್ದುವು. ಪೆಟ್ಟಿಗೆಯ ಮೇಲೆ 'ರೀಮಾಸ್ಟರ್ಡ್' ಎಂಬ ಮಾತು ಇದ್ದೇ ಇತ್ತು. ಹಳೆಯ ಚಿತ್ರದ ಧೂಳನ್ನೂ ಗೀರುಗಳನ್ನೂ ತೊಡೆದಿದ್ದಾರೆಂದು ಅವನು ಅದಕ್ಕೆ ಅರ್ಥಮಾಡಿಕೊಂಡನು. ನನಗೂ ಅದೇ ಅರ್ಥ ಹೊಳೆಯುತ್ತಿತ್ತು. ತೊಳೆಯುವುದು ಬೇರೆ, ತೆಗೆದು ಬೇರೊಂದನ್ನು ಇಡುವುದು ಬೇರೆ. ಈ ಎರಡು ಕ್ರಿಯೆಗಳನ್ನೂ ಒಂದೇ ಮಾತಿನಲ್ಲಿ ಅಡಗಿಸುವುದು ವ್ಯಾಪಾರಿಗೆ ಅನುಕೂಲ. ಅವನ್ನು ಬಿಡಿಸಿ ತೋರಿಸುವುದು ವಿಮರ್ಶಕನ ಕೆಲಸ. ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವುದು ಇಷ್ಟೆ: ವೀಡಿಯೋ ಡಿಸ್ಕು ಎಂಬುದು ಕಾರ್ಯಕ್ರಮವಲ್ಲ, ಕಾರ್ಯಕ್ರಮದ ಒಂದು ಸಂಪಾದಿತ ಆವೃತ್ತಿ; ಅದನ್ನು ವಿಮರ್ಶಿಸುವವನು ಗ್ರಂಥಸಂಪಾದನೆಯ ಪ್ರಶ್ನೆಗಳನ್ನು ಕೇಳದೆ ಬಿಡಕೂಡದು.

ಈ ಪ್ರಶ್ನೆಗಳು ಕನ್ನಡ ವಿದ್ವಾಂಸರಿಗೆ ಹೊಸವಲ್ಲ. ಓಲೆಗರಿಯ ಪ್ರತಿಗಳಿಂದ ಹಳಗನ್ನಡ ಕಾವ್ಯವನ್ನು ಅಚ್ಚಿಗೆ ತರುವವರು ಮೂಲಪ್ರತಿ ಯಾವುದು, ಅದು ಎಷ್ಟನೆಯ ತಲೆಮಾರಿನ ಪ್ರತಿ, ಲಿಪಿಕಾರನು ಎಲ್ಲಿ ಎಡವಿದ್ದಾನೆ, ಸಂಪಾದಕನು ಊಹೆಯಿಂದ ತುಂಬಿದ ಭಾಗ ಯಾವುದು ಎಂಬುದನ್ನು ಪೀಠಿಕೆಯಲ್ಲಿ ಹೇಳಲೇಬೇಕು. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ಯಾವ ವಿದ್ಯಾರ್ಥಿಯೂ ಪಾಠಾಂತರಗಳನ್ನು ಸೂಚಿಸದ ಸಂಪಾದನೆಯನ್ನು ನೆಚ್ಚಲಾರನು. ಅದೇ ವಿದ್ಯಾರ್ಥಿ ಟೆಲಿವಿಷನ್ನಿನ ಮುಂದೆ ಕುಳಿತಾಗ ಮಾತ್ರ ಕಂಡದ್ದೆಲ್ಲವನ್ನೂ ಮೂಲವೆಂದು ನಂಬುತ್ತಾನೆ. ಚಿತ್ರಕ್ಕೆ ಅಂತಹ ಒಂದು ಮೋಹಕಶಕ್ತಿಯುಂಟು.

ಪ್ರತಿಪರಂಪರೆ ಎಂಬ ಮಾತು ಇಲ್ಲಿ ಬರಿಯ ಉಪಮಾನವಲ್ಲವೆಂಬುದಕ್ಕೆ ಇಂಗ್ಲೆಂಡಿನ 'ಡಾಕ್ಟರ್ ಹೂ' ಸರಣಿಗಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಬಿ.ಬಿ.ಸಿ. ಸಂಸ್ಥೆ ಇದನ್ನು ೧೯೬೩ರ ನವೆಂಬರ್ ೨೩ರಂದು ಆರಂಭಿಸಿತು. ಆ ಕಾಲದಲ್ಲಿ ಕಂತುಗಳನ್ನು ಎರಡು ಅಂಗುಲ ಅಗಲದ ವೀಡಿಯೋ ಟೇಪಿನಲ್ಲಿ ಮುದ್ರಿಸಿ ಪ್ರಸಾರಮಾಡುತ್ತಿದ್ದರು. ಟೇಪು ದುಬಾರಿಯಾದ ವಸ್ತು. ಅಳಿಸಿ ಮತ್ತೆ ಬಳಸಬಹುದಾದ ವಸ್ತು. ನಟರ ಸಂಘದೊಡನೆ ಇದ್ದ ಒಪ್ಪಂದಗಳ ಕಾರಣದಿಂದ ಹಳೆಯ ನಾಟಕಗಳ ಮರುಪ್ರಸಾರಕ್ಕೂ ಹೆಚ್ಚಿನ ಅವಕಾಶವಿರಲಿಲ್ಲ. ಹೀಗಿರಲು, ೧೯೬೦ರ ದಶಕದ ಟೇಪುಗಳೆಲ್ಲ ಕ್ರಮೇಣ ಅಳಿಸಿಹೋದುವು. ಅಳಿಸುವ ಮುನ್ನ ಹೊರದೇಶಗಳಿಗೆ ಮಾರುವುದಕ್ಕಾಗಿ, ಟೆಲಿವಿಷನ್ ತೆರೆಯೊಂದರ ಎದುರಿಗೆ ಚಲಚ್ಚಿತ್ರದ ಕ್ಯಾಮರವನ್ನಿಟ್ಟು ೧೬ ಮಿಲಿಮೀಟರ್ ಫಿಲ್ಮಿನಲ್ಲಿ ನಕಲು ತೆಗೆಯುತ್ತಿದ್ದರು. ಮಾರಾಟದ ಅವಧಿ ಮುಗಿದ ಬಳಿಕ ಆ ಫಿಲ್ಮುಗಳನ್ನೂ ನಾಶಮಾಡಲಾಯಿತು. ೧೯೭೮ರ ಸುಮಾರಿಗೆ ಈ ನಾಶ ನಿಂತಿತು.

ಆದುದರಿಂದ ಈ ಸರಣಿಯ ಮೊದಲ ಆರು ವರ್ಷಗಳ ೨೫೩ ಕಂತುಗಳಲ್ಲಿ ನಮಗೆ ಉಳಿದು ಬಂದಿರುವುವು ಸಾಮಾನ್ಯವಾಗಿ ಮೂಲಗಳಲ್ಲ, ನಕಲುಗಳು. ಅವೂ ಎಲ್ಲೆಲ್ಲಿಯೋ ದೊರೆತವು. 'ದಿ ಟೂಂಬ್ ಆಫ್ ದಿ ಸೈಬರ್‌ಮೆನ್' ಎಂಬ ೧೯೬೭ರ ನಾಲ್ಕು ಕಂತುಗಳ ಕಥೆ ೧೯೯೧ರ ಕೊನೆಯಲ್ಲಿ ಹಾಂಗ್‌ಕಾಂಗಿನಲ್ಲಿ ಸಿಕ್ಕಿತು. ೧೯೬೭-೬೮ರ ಎರಡು ಕಥೆಗಳಿಗೆ ಸೇರಿದ ಕಳೆದುಹೋಗಿದ್ದ ಒಂಬತ್ತು ಕಂತುಗಳನ್ನು ಫಿಲಿಪ್ ಮಾರಿಸ್ ಎಂಬ ಅನ್ವೇಷಕರು ನೈಜೀರಿಯದ ಜೋಸ್ ನಗರದ ಪ್ರಸಾರ ಕೇಂದ್ರವೊಂದರಲ್ಲಿ ಪತ್ತೆಮಾಡಿದುದು ೨೦೧೩ರಲ್ಲಿ ಪ್ರಕಟವಾಯಿತು. ಆಗಲೂ ೯೭ ಕಂತುಗಳು ದೊರೆಯದೆ ಉಳಿದಿದ್ದುವು. ವಸಾಹತು ಸಾಮ್ರಾಜ್ಯ ಕರಗಿದ ಮೇಲೆ ಅದರ ಪ್ರಸಾರ ಜಾಲದ ಕೊನೆಯ ನಿಲ್ದಾಣಗಳಲ್ಲಿ ಲಂಡನ್ನಿನ ಸಾಹಿತ್ಯ ಉಳಿದುಕೊಂಡಿತೆಂಬುದು ಇತಿಹಾಸಕಾರನು ಪ್ರತ್ಯೇಕವಾಗಿ ಆಲೋಚಿಸಬೇಕಾದ ಸಂಗತಿ.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ಆಸ್ಟ್ರೇಲಿಯದ ಪರಿಶೀಲನಾಧಿಕಾರಿಗಳು ಮಕ್ಕಳು ನೋಡಬಾರದೆಂದು ಭಯಾನಕ ದೃಶ್ಯಗಳನ್ನು ಫಿಲ್ಮಿನಿಂದ ಕತ್ತರಿಸಿ, ಆ ತುಣುಕುಗಳನ್ನು ಕಡತದೊಂದಿಗೆ ಇಟ್ಟಿದ್ದರು. ಕಂತುಗಳು ನಾಶವಾದುವು, ತುಣುಕುಗಳು ಉಳಿದುವು. ೧೯೯೬ರಲ್ಲಿ ಅವು ಅಲ್ಲಿನ ಸರಕಾರಿ ದಾಖಲಾಗಾರದಲ್ಲಿ ದೊರೆತು, ೨೦೦೪ರ 'ಲಾಸ್ಟ್ ಇನ್ ಟೈಮ್' ಎಂಬ ಡಿ.ವಿ.ಡಿ. ಸಂಪುಟದಲ್ಲಿ ಸೇರಿದುವು. ಜನರ ಕಣ್ಣಿನಿಂದ ಮರೆಮಾಡಬೇಕೆಂದು ತೆಗೆದಿಟ್ಟ ಭಾಗವೇ ಇಂದು ಕೆಲವು ಕಂತುಗಳಲ್ಲಿ ಜನರು ಕಾಣಬಹುದಾದ ಏಕೈಕ ಭಾಗ. ಇನ್ನು ಧ್ವನಿಯ ವಿಷಯ. ಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಟೇಪ್‌ರೆಕಾರ್ಡರನ್ನು ಇಟ್ಟು ಪ್ರಸಾರವನ್ನು ಮುದ್ರಿಸಿಕೊಂಡ ಕೆಲವು ಹುಡುಗರ ದಯೆಯಿಂದ, ಕಳೆದುಹೋದ ಕಂತುಗಳೆಲ್ಲದರ ಧ್ವನಿಯೂ ಉಳಿದಿದೆ. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಪ್ರಸಾರ ನಡೆಯುತ್ತಿದ್ದಾಗಲೇ ತೆರೆಯ ಮೇಲಿನ ಚಿತ್ರಗಳ ಫೋಟೋ ತೆಗೆದು ನಟರಿಗೂ ನಿರ್ದೇಶಕರಿಗೂ ಮಾರುತ್ತಿದ್ದರು. ಅವೂ ಈಗ ಆಕರಗಳು.

ಈ ಸಾಮಗ್ರಿ ಮಾರಾಟಕ್ಕೆ ಬಂದ ಬಗೆಯನ್ನು ನೋಡೋಣ. ಸರಣಿಯ ಮೊದಲ ವೀಡಿಯೋ ಕ್ಯಾಸೆಟ್ಟು ೧೯೮೩ರಲ್ಲಿ ಹೊರಬಂದ 'ರಿವೆಂಜ್ ಆಫ್ ದಿ ಸೈಬರ್‌ಮೆನ್'. ೧೯೭೫ರಲ್ಲಿ ನಾಲ್ಕು ವಾರ ಪ್ರಸಾರವಾದ ಕಥೆಯನ್ನು ಒಂದೇ ಚಲಚ್ಚಿತ್ರದಂತೆ ಹೊಲಿದು, ಕಂತುಗಳ ಆದಿ ಅಂತ್ಯಗಳನ್ನು ತೆಗೆದುಹಾಕಿದ್ದರು. ಬೆಲೆ ಸುಮಾರು ೪೦ ಪೌಂಡು. ಪ್ರತಿ ಕಂತಿನ ಕೊನೆಯಲ್ಲಿಯೂ ನಾಯಕನನ್ನು ಅಪಾಯದಲ್ಲಿ ನಿಲ್ಲಿಸಿ ಪ್ರೇಕ್ಷಕನನ್ನು ಒಂದು ವಾರ ಕಾಯಿಸುವುದೇ ಧಾರಾವಾಹಿಯ ಪ್ರಾಣ. ಅದನ್ನು ತೆಗೆದರೆ ಉಳಿಯುವುದು ಕಥೆ ಮಾತ್ರ, ಧಾರಾವಾಹಿಯಲ್ಲ. ನಮ್ಮ ಹರಿಕಥೆಯನ್ನು ಮುದ್ರಿಸುವಾಗ ದಾಸರು ಕೀರ್ತನೆಗೆ ನಿಲ್ಲುವ ಎಡೆಗಳನ್ನೆಲ್ಲ ಅಳಿಸಿದಂತೆ ಇದು.

'ಟೂಂಬ್' ಕಥೆಯ ಕ್ಯಾಸೆಟ್ಟು ೧೯೯೨ರ ಮೇ ತಿಂಗಳಲ್ಲಿ ಬಂದಾಗ ವಿಮರ್ಶಕರಿಗೆ ಇನ್ನೊಂದು ಬಗೆಯ ಪರೀಕ್ಷೆ ಎದುರಾಯಿತು. ೨೫ ವರ್ಷ ಯಾರೂ ನೋಡದೆ, ನೋಡಿದವರ ನೆನಪಿನಲ್ಲಿ ಮಾತ್ರ ಬೆಳೆದ ಕೃತಿ ಅದು. ಸರಣಿಯ ಅತ್ಯುತ್ತಮ ಕಥೆಗಳಲ್ಲಿ ಒಂದೆಂದು ಹೆಸರಾಗಿತ್ತು. ಕಣ್ಣೆದುರು ಬಂದಾಗ ಅದರ ಶ್ಮಶಾನದ ದೃಶ್ಯಗಳು ಹೆಸರಿಗೆ ತಕ್ಕಂತಿದ್ದರೂ ನಟರನ್ನು ಎತ್ತುವ ತಂತಿಗಳು ಕಂಡುವು, ಕಥೆಯ ಬಿರುಕುಗಳು ಕಂಡುವು. ನೆನಪು ಸುಳ್ಳು ಹೇಳಿತ್ತೆಂದು ಕೆಲವರು ನಿರಾಶರಾದರು. ಅದು ಅವಿಚಾರ. ೧೯೬೭ರಲ್ಲಿ ಎಂಟು ವರ್ಷದ ಹುಡುಗ ಒಂದು ಸಲ, ಸಣ್ಣ ತೆರೆಯ ಮೇಲೆ, ಶನಿವಾರದ ಸಂಜೆ ಕಂಡುದಕ್ಕೂ, ಮೂವತ್ಮೂರು ವರ್ಷದ ವಿಮರ್ಶಕ ಬೇಕಾದೆಡೆ ನಿಲ್ಲಿಸಿ ನೋಡುವುದಕ್ಕೂ ಸಾಮ್ಯವಿಲ್ಲ. ಆ ಕೃತಿ ಒಮ್ಮೆ ಕಂಡು ಮುಗಿಯುವಂತೆ ರಚಿತವಾದದ್ದು. ಅದನ್ನು ನಿಲ್ಲಿಸಿ ನೋಡುವ ಸೌಕರ್ಯವನ್ನು ಕೊಟ್ಟದ್ದೇ ಕ್ಯಾಸೆಟ್ಟು. ತಂತಿ ಕಂಡಿತೆಂದು ಬರೆಯುವ ವಿಮರ್ಶಕನು ತಾನು ಕಂಡ ರೀತಿಯನ್ನೂ ಬರೆಯಬೇಕು.

ಡಿ.ವಿ.ಡಿ.ಯ ಕಾಲಕ್ಕೆ ಬಂದರೆ ಸಂಪಾದನೆಯ ಕಾರ್ಯ ನಿಜವಾದ ಅರ್ಥದಲ್ಲಿ ಆರಂಭವಾಯಿತು. 'ರೆಸ್ಟೊರೇಷನ್ ಟೀಮ್' ಎಂದು ಹೆಸರಾದ, ಬಿ.ಬಿ.ಸಿ.ಯ ಒಳಗಿನವರೂ ಹೊರಗಿನವರೂ ಸೇರಿದ ಸಣ್ಣ ಗುಂಪೊಂದು ಪ್ರತಿಯೊಂದು ಕಥೆಯ ಸಂಸ್ಕರಣವನ್ನೂ ಕೈಗೊಂಡು, ತಾನು ಮಾಡಿದುದರ ವಿವರವನ್ನು ಪ್ರಕಟಿಸುತ್ತಿದ್ದಿತು. ಡಿಸ್ಕಿನಲ್ಲಿಯೇ, ಬೇಕಾದವರಿಗೆ, ಚಿತ್ರದ ಕೆಳಗೆ ಅಕ್ಷರಗಳಲ್ಲಿ ಮೂಡುವ ಟಿಪ್ಪಣಿಗಳಿರುತ್ತಿದ್ದುವು: ಈ ದೃಶ್ಯ ಯಾವ ದಿನ ಚಿತ್ರೀಕೃತವಾಯಿತು, ಹಸ್ತಪ್ರತಿಯಲ್ಲಿ ಈ ಮಾತು ಹೇಗಿತ್ತು ಎಂದು ಮುಂತಾಗಿ. ಅಡಿಟಿಪ್ಪಣಿಗಳುಳ್ಳ ಟೆಲಿವಿಷನ್ ನಾಟಕವನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಅವರ ಎರಡು ವಿಧಾನಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೂಲ ಟೇಪು ಸೆಕೆಂಡಿಗೆ ೫೦ ಅರ್ಧಚಿತ್ರಗಳನ್ನು ಕೊಡುತ್ತಿದ್ದಿತು. ಆದುದರಿಂದ ಚಲನೆ ಕಣ್ಣೆದುರೇ ನಡೆಯುವಂತೆ ನಯವಾಗಿ ಕಾಣುತ್ತಿದ್ದಿತು. ಫಿಲ್ಮಿನ ನಕಲಿನಲ್ಲಿ ಉಳಿದುದು ಸೆಕೆಂಡಿಗೆ ೨೫ ಚಿತ್ರ. ಚಲನೆಯ ನಯ ಹೋಗಿ, ಅದು ಸಿನಿಮಾದಂತೆ ತೋರತೊಡಗಿತು. ನಡುವಣ ಚಿತ್ರಗಳನ್ನು ಗಣನೆಯಿಂದ ಊಹಿಸಿ ತುಂಬಿ, ಪ್ರಸಾರಕಾಲದ ನಯವನ್ನು ಮತ್ತೆ ತರುವ ವಿಧಾನಕ್ಕೆ ವಿಡ್‌ಫೈರ್ ಎಂದು ಹೆಸರು. ೨೦೦೨ರ 'ದಿ ಆಜ್‌ಟೆಕ್ಸ್' ಡಿ.ವಿ.ಡಿ.ಯಲ್ಲಿ ಇದನ್ನು ಬಳಸಿದರು. ಇದನ್ನು ಆಕ್ಷೇಪಿಸಿದವರೂ ಉಂಟು. ದೊರೆತ ಆಕರದಲ್ಲಿ ಇಲ್ಲದ ಚಿತ್ರಗಳನ್ನು ಸೇರಿಸುವುದು ಪ್ರಕ್ಷೇಪವಲ್ಲವೆ ಎಂಬುದು ಅವರ ವಾದ. ನನ್ನ ಅಭಿಪ್ರಾಯದಲ್ಲಿ ಈ ವಾದ ನಿಲ್ಲುವುದಿಲ್ಲ. ಫಿಲ್ಮು ಮೂಲವಲ್ಲ, ಮೂಲಕ್ಕೆ ಸಾಕ್ಷಿ. ಲಿಪಿಕಾರನ ದೋಷ ಎಲ್ಲೆಡೆಯಲ್ಲಿಯೂ ಒಂದೇ ನಿಯಮಕ್ಕೆ ಒಳಪಟ್ಟಿದ್ದರೆ ಆ ನಿಯಮವನ್ನು ತಿಳಿದು ದೋಷವನ್ನು ಹಿಂದೆಗೆಯುವುದು ಸಂಪಾದಕನ ಹಕ್ಕು. ಅದನ್ನು ಮಾಡಿದ್ದೇನೆಂದು ಹೇಳುವುದು ಅವನ ಕರ್ತವ್ಯ. ಅದನ್ನೂ ಅವರು ಹೇಳಿದ್ದಾರೆ.

ಇನ್ನೊಂದು ವಿಧಾನ ವರ್ಣೋದ್ಧಾರ. ೧೯೭೦ರಿಂದ ಈ ಸರಣಿ ವರ್ಣದಲ್ಲಿ ತಯಾರಾಗುತ್ತಿತ್ತು. ಆದರೆ ೧೯೭೦ರ ದಶಕದ ಆರಂಭದ ಹಲವು ಕಂತುಗಳು ಕಪ್ಪುಬಿಳುಪು ಫಿಲ್ಮಿನ ನಕಲುಗಳಾಗಿ ಮಾತ್ರ ಉಳಿದುವು. ೧೯೭೧ರ 'ದಿ ಡೀಮನ್ಸ್' ಕಥೆಗೆ ಅಮೆರಿಕದ ಪ್ರೇಕ್ಷಕರೊಬ್ಬರು ಮನೆಯಲ್ಲಿ ಮುದ್ರಿಸಿಕೊಂಡಿದ್ದ ವರ್ಣಪ್ರತಿ ಒದಗಿತು. ಅದರ ಚಿತ್ರ ಮಸುಕು, ಬಣ್ಣ ಸರಿ. ಫಿಲ್ಮಿನ ಚಿತ್ರ ಸ್ಫುಟ, ಬಣ್ಣವಿಲ್ಲ. ೧೯೯೨ರಲ್ಲಿ ಒಂದರ ರೇಖೆಗೆ ಇನ್ನೊಂದರ ಬಣ್ಣವನ್ನು ಹೊಂದಿಸಿದರು. ಎರಡು ತ್ರುಟಿತ ಪ್ರತಿಗಳಿಂದ ಒಂದು ಪಾಠವನ್ನು ಕಟ್ಟುವ ಕ್ರಮ ಇದಲ್ಲದೆ ಬೇರೆ ಯಾವುದು? ಆಮೇಲೆ ಇನ್ನೂ ಆಶ್ಚರ್ಯಕರವಾದ ಮಾರ್ಗವೊಂದು ತೋರಿತು. ವರ್ಣಸಂಕೇತವನ್ನು ಸೋಸದೆ ಕಪ್ಪುಬಿಳುಪು ತೆರೆಗೆ ಹಾಯಿಸಿ ಫಿಲ್ಮು ತೆಗೆದಿದ್ದ ಪಕ್ಷದಲ್ಲಿ, ಚಿತ್ರದ ಮೇಲೆ ಅತಿಸೂಕ್ಷ್ಮವಾದ ಚುಕ್ಕೆಗಳ ಜಾಲ ಮೂಡಿರುತ್ತದೆ. ಅದು ಕೊಳೆಯಲ್ಲ, ಬಣ್ಣದ ಲಿಪಿ ಎಂಬುದನ್ನು ಬಿ.ಬಿ.ಸಿ.ಯ ಜೇಮ್ಸ್ ಇನ್‌ಸೆಲ್ ಮನಗಂಡರು. ಅದನ್ನು ಓದುವ ಗಣಕಕ್ರಮವನ್ನು ರಿಚರ್ಡ್ ರಸೆಲ್ ರಚಿಸಿದರು. ಕಲ್ಲಿನ ಮೇಲಿನ ಗೀರುಗಳೆಂದು ಬಿಟ್ಟಿದ್ದುದನ್ನು ಅಕ್ಷರವೆಂದು ಓದಿದ ಶಾಸನತಜ್ಞನ ಸಂತೋಷ ಅವರಿಗೆ ಆಗಿದ್ದಿರಬೇಕು.

೨೦೧೩ರ 'ದಿ ಮೈಂಡ್ ಆಫ್ ಈವಿಲ್' ಡಿ.ವಿ.ಡಿ. ಇಲ್ಲಿ ವಿಮರ್ಶಕನಿಗೆ ಒರೆಗಲ್ಲು. ಆರು ಕಂತುಗಳ ಈ ಕಥೆಯಲ್ಲಿ ಎರಡರಿಂದ ಆರರವರೆಗಿನ ಕಂತುಗಳ ಬಣ್ಣ ಚುಕ್ಕೆಗಳಿಂದ ಓದಿ ತೆಗೆದುದು. ಮೊದಲನೆಯ ಕಂತಿನ ಫಿಲ್ಮಿನಲ್ಲಿ ಬಳಸಬಹುದಾದ ಚುಕ್ಕೆಗಳಿರಲಿಲ್ಲ. ಅದಕ್ಕೆ ಕೈಯಿಂದ ಬಣ್ಣ ತುಂಬಿದ್ದಾರೆ. ನೋಡುವವನಿಗೆ ಭೇದ ಅಷ್ಟಾಗಿ ಕಾಣುವುದಿಲ್ಲ. ಹಾಗೆ ಕಾಣದಿರುವುದೇ ಕಲಾವಿದನ ಗೆಲುವು. ಆದರೆ ಐದು ಕಂತುಗಳಲ್ಲಿ ಒಂದು ಅಂಗಿ ಹಸುರಾಗಿದ್ದರೆ ಅದು ೧೯೭೧ರ ಸಾಕ್ಷ್ಯ. ಮೊದಲ ಕಂತಿನಲ್ಲಿ ಹಸುರಾಗಿದ್ದರೆ ಅದು ೨೦೧೩ರ ಊಹೆ, ಎಷ್ಟೇ ಆಧಾರಪೂರ್ವಕವಾದ ಊಹೆಯಾದರೂ. ಆರೂ ಕಂತುಗಳಿಗೆ ಒಟ್ಟಾಗಿ 'ಬಣ್ಣ ಮನೋಹರ' ಎಂದು ಬರೆದು ಅಂಕ ಹಾಕುವ ವಿಮರ್ಶೆಯಿಂದ ಓದುಗನಿಗೆ ದೊರೆಯುವುದೇನು?

ಚಿತ್ರವೇ ಇಲ್ಲದ ಕಡೆ ಉಳಿದ ಧ್ವನಿಗೆ ಹೊಸ ವ್ಯಂಗ್ಯಚಿತ್ರಗಳನ್ನು ಚಲಿಸುವಂತೆ ಬರೆದು ಜೋಡಿಸುವುದುಂಟು. ೨೦೦೬ರಲ್ಲಿ 'ದಿ ಇನ್‌ವೇಷನ್' ಕಥೆಯ ಎರಡು ಕಂತುಗಳಿಗೆ, ೨೦೧೬ರಲ್ಲಿ 'ದಿ ಪವರ್ ಆಫ್ ದಿ ಡಾಲೆಕ್ಸ್' ಕಥೆಯ ಆರೂ ಕಂತುಗಳಿಗೆ ಹೀಗೆ ಮಾಡಿದರು. ಇದರಿಂದ ಯಾರೂ ಮೋಸಹೋಗುವ ಸಂಭವವಿಲ್ಲ. ಕಳೆದುಹೋದ ಎಲೆಯ ಸ್ಥಾನದಲ್ಲಿ ಬೇರೆ ಬಣ್ಣದ ಕಾಗದವನ್ನು ಸೇರಿಸಿದಂತೆ, ತೇಪೆ ತೇಪೆಯಾಗಿಯೇ ಕಾಣುತ್ತದೆ. ೨೦೨೩ರ 'ದಿ ಡಾಲೆಕ್ಸ್ ಇನ್ ಕಲರ್' ಇದಕ್ಕೆ ವಿರುದ್ಧವಾದುದು. ೧೯೬೩-೬೪ರ ಏಳು ಕಂತುಗಳನ್ನು ಸುಮಾರು ೭೫ ನಿಮಿಷಕ್ಕೆ ಇಳಿಸಿ, ಬಣ್ಣವನ್ನೂ ಹೊಸ ಸಂಗೀತವನ್ನೂ ಸೇರಿಸಿದ್ದಾರೆ. ಅದನ್ನು ನಾನು ಬೇಸರವಿಲ್ಲದೆ ನೋಡಿದೆನೆಂದು ಒಪ್ಪಿಕೊಳ್ಳಬೇಕು. ಅದು ಸಂಗ್ರಹ, ಸಂಗ್ರಹವೆಂದು ತಿಳಿದು ನೋಡಿದರೆ ತಪ್ಪಿಲ್ಲ.

ಅಮೆರಿಕದ ಸರಣಿಗಳ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಫಿಲ್ಮಿನ ಮೇಲೆ ಚಿತ್ರೀಕರಿಸುವ ವಾಡಿಕೆಯಿದ್ದುದರಿಂದ ಮೂಲಗಳು ಸಾಮಾನ್ಯವಾಗಿ ಉಳಿದಿವೆ. ತೊಂದರೆಯೆಲ್ಲ ಅವುಗಳನ್ನು ಸುಮ್ಮನಿರಲು ಬಿಡದಿರುವುದರಿಂದ. 'ಸ್ಟಾರ್ ಟ್ರೆಕ್'ನ ೨೦೦೯ರ ಬ್ಲೂ-ರೇ ಆವೃತ್ತಿಯಲ್ಲಿ ಹಳೆಯ ದೃಶ್ಯಗಳೂ ಹೊಸ ದೃಶ್ಯಗಳೂ ಎರಡೂ ಇದ್ದು, ಯಾವುದು ಬೇಕೆಂಬುದನ್ನು ನೋಡುಗನೇ ಆರಿಸಿಕೊಳ್ಳಬಹುದು. ಇದು ಪಾಠಾಂತರಗಳನ್ನು ಪುಟದಡಿಯಲ್ಲಿ ಕೊಟ್ಟಂತೆ. ಇದಕ್ಕಿಂತ ಪ್ರಾಮಾಣಿಕವಾದ ಏರ್ಪಾಡು ನನಗೆ ತಿಳಿಯದು. ನನ್ನ ವಿದ್ಯಾರ್ಥಿಯ ೨೦೦೮ರ ಡಿ.ವಿ.ಡಿ.ಯಲ್ಲಿ ಆ ಆಯ್ಕೆ ಇರಲಿಲ್ಲ. ಒಂದೇ ಕಂತು, ಒಂದೇ ಒಡೆತನ, ಒಂದೇ ವರ್ಷದ ಅಂತರ. ಇಷ್ಟಾದರೂ ಸಂಶೋಧಕನಿಗೆ ಒಂದು ಉಪಯುಕ್ತ, ಇನ್ನೊಂದು ಅಪಾಯಕರ. ಎರಡನ್ನೂ 'ಅತ್ಯುತ್ತಮ' ಎಂದು ಕರೆದರೆ ಸಾಲದು.

ಇಂಗ್ಲೆಂಡಿನ 'ರೆಡ್ ಡ್ವಾರ್ಫ್' ಹಾಸ್ಯಸರಣಿಯ ತಯಾರಕರು ತಮ್ಮ ಮೊದಲ ಮೂರು ಶ್ರೇಣಿಗಳ ಕಂತುಗಳನ್ನು ತಾವೇ ತಿದ್ದಿ, ಮಾದರಿ ನೌಕೆಗಳನ್ನು ತೆಗೆದು ಕಂಪ್ಯೂಟರ್ ಚಿತ್ರಗಳನ್ನಿಟ್ಟು ೧೯೯೮ರಲ್ಲಿ ಕ್ಯಾಸೆಟ್ಟುಗಳನ್ನು ಹೊರಡಿಸಿದರು. ಅಭಿಮಾನಿಗಳಿಗೆ ಅವು ಹಿಡಿಸಲಿಲ್ಲ. ೨೦೦೨ರಿಂದ ಬಂದ ಡಿ.ವಿ.ಡಿ.ಗಳಲ್ಲಿ ಮೂಲಪಾಠವನ್ನೇ ಕೊಟ್ಟರು. ಕರ್ತೃವೇ ತಿದ್ದಿದ ಪಾಠಕ್ಕೆ ಮೊದಲಿನದಕ್ಕಿಂತ ಹೆಚ್ಚಿನ ಪ್ರಾಮಾಣ್ಯವಿದೆಯೇ ಎಂಬ ಹಳೆಯ ಚರ್ಚೆಗೆ ಇದೊಂದು ಹೊಸ ಉದಾಹರಣೆ. ಕವಿಗೆ ತಿದ್ದುವ ಹಕ್ಕುಂಟು. ಆದರೆ ೧೯೮೮ರಲ್ಲಿ ಜನ ನಕ್ಕದ್ದು ಯಾವುದನ್ನು ಕಂಡು ಎಂದು ಕೇಳುವ ಇತಿಹಾಸಕಾರನಿಗೆ ಮೊದಲಿನದೇ ಬೇಕು.

ಚಿತ್ರದ ಆಕಾರವೂ ಪಾಠದ ಭಾಗವೆಂಬುದು 'ಬ್ಯಾಬಿಲಾನ್ ೫' ಸರಣಿಯಿಂದ ಸ್ಪಷ್ಟವಾಗುತ್ತದೆ. ೧೯೯೪ರಿಂದ ೧೯೯೮ರವರೆಗೆ ನಡೆದ ಈ ಸರಣಿಯಲ್ಲಿ ನಟರ ದೃಶ್ಯಗಳನ್ನು ಮುಂದೆ ಅಗಲ ತೆರೆಗೂ ಒದಗುವಂತೆ ಚಿತ್ರೀಕರಿಸಿದ್ದರು. ಕಂಪ್ಯೂಟರ್ ದೃಶ್ಯಗಳನ್ನು ಮಾತ್ರ ಹಳೆಯ ೪:೩ ಪ್ರಮಾಣದಲ್ಲಿ ಮಾಡಿದ್ದರು. ೨೦೦೨ರಿಂದ ಬಂದ ಡಿ.ವಿ.ಡಿ.ಗಳಿಗೆ ಎಲ್ಲವನ್ನೂ ಅಗಲ ಮಾಡಹೊರಟಾಗ, ಕಂಪ್ಯೂಟರ್ ದೃಶ್ಯಗಳ ಮೇಲನ್ನೂ ಕೆಳಗನ್ನೂ ಕತ್ತರಿಸಿ ಹಿಗ್ಗಿಸಬೇಕಾಯಿತು. ನಟನೊಬ್ಬ ಮಾತನಾಡುತ್ತಿರುವಾಗ ಸ್ಫುಟವಾಗಿದ್ದ ಚಿತ್ರ, ಕಿಟಕಿಯಾಚೆ ನೌಕೆಯೊಂದು ಹಾದುಹೋದ ಕ್ಷಣದಲ್ಲಿ ಮಸುಕಾಗುತ್ತದೆ. ೨೦೨೧ರ ಸಂಸ್ಕರಣದಲ್ಲಿ ೪:೩ಕ್ಕೇ ಹಿಂದಿರುಗಿದರು. ೨೦೨೩ರ ಬ್ಲೂ-ರೇ ಅದನ್ನೇ ಅನುಸರಿಸಿತು. ಮನೆಯ ಅಗಲ ತೆರೆಯ ಎರಡು ಪಕ್ಕಗಳಲ್ಲಿ ಕಪ್ಪುಪಟ್ಟಿ ಉಳಿಯುವುದನ್ನು ದೋಷವೆಂದು ಎಣಿಸುವವರಿಗೆ ಈ ಕಥೆಯನ್ನು ಹೇಳಬೇಕು.

ಅಂಕ ಹಾಕುವ ಪದ್ಧತಿಯಿಂದ ಆಗುವ ಅನ್ಯಾಯ ಇನ್ನೊಂದಿದೆ. ವೀಡಿಯೋ ಟೇಪಿನಲ್ಲಿ ತಯಾರಾದ ಕಾರ್ಯಕ್ರಮದಲ್ಲಿ ಇರುವುದೇ ೬೨೫ ಗೆರೆಗಳ ವಿವರ. ಬ್ಲೂ-ರೇಗೆ ತಂದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. 'ಡಾಕ್ಟರ್ ಹೂ'ವಿನ ಹಳೆಯ ಕಥೆಗಳಲ್ಲಿ ೧೯೭೦ರ 'ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್' ಒಂದು ಮುಷ್ಕರದ ಕಾರಣದಿಂದ ಪೂರ್ತಿಯಾಗಿ ಫಿಲ್ಮಿನಲ್ಲಿ ತಯಾರಾಯಿತು. ಆದುದರಿಂದಲೇ ೨೦೧೩ರ ಅದರ ಬ್ಲೂ-ರೇಯಲ್ಲಿ ಬಟ್ಟೆಯ ನೂಲೂ ಕಾಣುತ್ತದೆ. ಅದರ ಪಕ್ಕದಲ್ಲ��ಟ್ಟು ಉಳಿದವಕ್ಕೆ 'ಚಿತ್ರ ಮೃದು' ಎಂದು ಅಂಕ ಕಳೆಯುವುದು, ಓಲೆಗರಿಗೆ ಕಾಗದದ ನುಣುಪಿಲ್ಲವೆಂದು ದೂರಿದಂತೆ.

ನಮ್ಮ ದೇಶದ ಓದುಗರಿಗೆ ಮತ್ತೊಂದು ಎಚ್ಚರಿಕೆ ಅವಶ್ಯಕ. ಭಾರತವೂ ಇಂಗ್ಲೆಂಡೂ ಸೆಕೆಂಡಿಗೆ ೨೫ ಚಿತ್ರಗಳ ಪಾಲ್ ಪದ್ಧತಿಯನ್ನು ಅನುಸರಿಸಿದ ದೇಶಗಳು. ೨೪ ಚಿತ್ರಗಳಿಗೆ ತಯಾರಾದ ಅಮೆರಿಕದ ಫಿಲ್ಮನ್ನು ಈ ಪದ್ಧತಿಯ ಕ್ಯಾಸೆಟ್ಟಿಗೂ ಡಿ.ವಿ.ಡಿ.ಗೂ ತರುವಾಗ ಅದನ್ನು ಕೊಂಚ ವೇಗವಾಗಿ ಓಡಿಸುವುದು ವಾಡಿಕೆ. ೫೦ ನಿಮಿಷದ ಕಂತು ೪೮ ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ನಟರ ಕಂಠ ಸ್ವಲ್ಪ ಮೇಲಿನ ಶ್ರುತಿಗೆ ಏರುತ್ತದೆ. ಎರಡು ನಿಮಿಷ ಕಡಮೆಯಾಗಿದೆ, ಏನನ್ನೋ ಕತ್ತರಿಸಿದ್ದಾರೆ ಎಂದು ಬರೆದ ವಿಮರ್ಶೆಗಳನ್ನು ನಾನು ಓದಿದ್ದೇನೆ. ಕತ್ತರಿಸಿರಲಿಲ್ಲ. ಕತ್ತರಿಸಿದ ನಿದರ್ಶನಗಳೂ ಇಲ್ಲದಿಲ್ಲ. ಹಾಡಿನ ಹಕ್ಕು ದೊರೆಯದೆ ೨೦೦೪ರ ಡಿ.ವಿ.ಡಿ.ಯಲ್ಲಿ 'ಕ್ವಾಂಟಮ್ ಲೀಪ್' ಸರಣಿಯ ಒಂದು ಮುಖ್ಯ ಕಂತಿನ ಕೊನೆಯ ಹಾಡನ್ನೇ ಬದಲಾಯಿಸಿದ್ದರು. ಎರಡನ್ನೂ ಬೇರೆಬೇರೆಯಾಗಿ ತಿಳಿಯಬೇಕಾದರೆ ಕಾಲವನ್ನು ಅಳೆದು ಲೆಕ್ಕಹಾಕಬೇಕು. ಅಲ್ಲದೆ ಡಿ.ವಿ.ಡಿ.ಗಳ ಹಂಚಿಕೆಯಲ್ಲಿ ಅಮೆರಿಕ ೧, ಇಂಗ್ಲೆಂಡು ೨, ಭಾರತ ೫ನೆಯ ವಲಯಕ್ಕೆ ಸೇರಿವೆ. ಬ್ಲೂ-ರೇಯಲ್ಲಿ ಕ್ರಮವಾಗಿ ಎ, ಬಿ, ಸಿ. ಒಂದೇ ಹೆಸರಿನ ಡಿಸ್ಕು ಮೂರು ವಲಯಗಳಲ್ಲಿಯೂ ಒಂದೇ ಪಾಠವನ್ನು ಹೊಂದಿರುತ್ತದೆಂದು ಭಾವಿಸುವಂತಿಲ್ಲ. ಲಂಡನ್ನಿನ ವಿಮರ್ಶೆಯನ್ನು ಓದಿ ಇಲ್ಲಿ ಡಿಸ್ಕು ತರಿಸುವವರು ವಲಯವನ್ನೂ ವರ್ಷವನ್ನೂ ನೋಡಿಕೊಳ್ಳುವುದು ಒಳಿತು. ನಮ್ಮ ವಿಭಾಗಕ್ಕೆ ತರಿಸಿದ ಒಂದು ಸಂಪುಟ, ಅದಕ್ಕೆ ತಕ್ಕ ಯಂತ್ರವಿಲ್ಲದೆ, ಎಂಟು ತಿಂಗಳು ಬೀರುವಿನಲ್ಲಿತ್ತು.

ಆ ವಿದ್ಯಾರ್ಥಿಗೆ ಪರೀಕ್ಷಕರು ಎರಡು ತಿಂಗಳ ಅವಕಾಶವಿತ್ತರು. ೨೦೦೯ರ ಬ್ಲೂ-ರೇಯನ್ನು ತರಿಸಿ, ಹಳೆಯ ದೃಶ್ಯಗಳನ್ನು ಆರಿಸಿಕೊಂಡು, ಆ ಕಂತನ್ನು ಇಬ್ಬರೂ ಒಟ್ಟಿಗೆ ನೋಡಿದೆವು. ಪ್ಲಾಸ್ಟಿಕ್ ನೌಕೆ ಪ್ಲಾಸ್ಟಿಕ್ಕಾಗಿಯೇ ಕಂಡಿತು. ಅವನು ಮೂರು ಪುಟಗಳನ್ನು ತೆಗೆದು ಐದು ಪುಟ ಬರೆದನು: ಒಂದು ಕಂತಿಗೆ ದೊರೆಯುತ್ತಿದ್ದ ಅಲ್ಪ ಹಣದಲ್ಲಿ, ಮಕ್ಕಳ ಆಟಿಕೆಯಿಂದ, ಒಂದು ಮಹಾವಿನಾಶವನ್ನು ತೋರಿಸಹೊರಟ ಜನರನ್ನು ಕುರಿತು. ಮೊದಲಿನದಕ್ಕಿಂತ ಅದು ಉತ್ತಮವಾದ ಅಧ್ಯಾಯ. ಅದರ ಮೊದಲ ಅಡಿಟಿಪ್ಪಣಿ ಈಗ ಹೀಗಿದೆ: 'ಇಲ್ಲಿ ಬಳಸಿರುವುದು ೨೦೦೯ರ ಬ್ಲೂ-ರೇ ಆವೃತ್ತಿ, ಎ ವಲಯ, ಮೂಲ ದೃಶ್ಯಪರಿಣಾಮಗಳೊಡನೆ. ೨೦೦೭ರ ಪರಿಷ್ಕೃತ ದೃಶ್ಯಗಳಿಗೂ ಇದಕ್ಕೂ ವ್ಯತ್ಯಾಸವಿರುವ ಎಡೆಗಳನ್ನು ಅನುಬಂಧದಲ್ಲಿ ಕೊಟ್ಟಿದೆ.' ಅನುಬಂಧ ನಾಲ್ಕು ಪುಟಗಳಷ್ಟಿದೆ.